ಪ್ಲಿಯೇ ಎಂದರೆ ಬಾಗು, ಅಷ್ಟೆ!

ಬೆಂಗಳೂರಿನ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳಿಗೆ ಹತ್ತು ವರ್ಷ. ಎರಡು ವರ್ಷಗಳಿಂದ ಬ್ಯಾಲೆ ತರಗತಿಗೆ ಹೋಗುತ್ತಿದ್ದಾಳೆ. ಮನೆಗೆ ಬಂದವಳೇ ಕಿಟಕಿಯ ಸರಳು ಹಿಡಿದು ನಿಂತು, ಮಗ್ಗಿ ಒಪ್ಪಿಸುವವಳಂತೆ ‘ಪ್ಲಿಯೇ, ತಾಂದ್ಯು, ರೆಲೆವೇ’ ಎನ್ನುತ್ತ ಅಭ್ಯಾಸ ಮಾಡುತ್ತಾಳೆ. ಹಾಗೆಂದರೇನು ಎಂದು ಕೇಳಿದರೆ, ‘ಅದು ಫ್ರೆಂಚ್ ಅಮ್ಮ’ ಎಂಬಷ್ಟೇ ಉತ್ತರ.

ಆದರೆ ತಾಯಿಯ ಚಿಂತೆ ಬೇರೆಯದು. ಎರಡು ವರ್ಷ ಶುಲ್ಕ ಕಟ್ಟಿದ ಮೇಲೂ ಮಗಳಿಗೆ ಬೆರಳ ತುದಿಯ ಮೇಲೆ ನಿಲ್ಲುವ ವಿದ್ಯೆಯನ್ನು ಕಲಿಸಿಲ್ಲ. ಕೇಳಿದರೆ ಶಿಕ್ಷಕಿ ‘ಇನ್ನೂ ಸಮಯವಿದೆ’ ಎನ್ನುತ್ತಾರೆ. ಅದೇ ವಯಸ್ಸಿನ ಇನ್ನೊಬ್ಬ ಹುಡುಗಿಗೆ ಮನೆಯವರು ಆ ಗುಲಾಬಿ ಬಣ್ಣದ ಗಟ್ಟಿ ಮೂತಿಯ ಶೂ ತರಿಸಿಕೊಟ್ಟಿದ್ದಾರೆ. ಮಗಳು ಅತ್ತುಕೊಂಡು ಕೂತಿದ್ದಾಳೆ. ಮುಂದಿನ ತಿಂಗಳ ಹುಟ್ಟುಹಬ್ಬಕ್ಕೆ ನಾವೂ ತರಿಸಿಕೊಡಬಹುದೆ? ಇದು ಅವರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬೇಡ, ದಯವಿಟ್ಟು ತರಿಸಬೇಡಿ. ಯಾಕೆ ಬೇಡ ಎಂಬುದು ತಿಳಿಯಬೇಕಾದರೆ ಮಗಳು ಅರ್ಥ ಗೊತ್ತಿಲ್ಲದೆ ಒಪ್ಪಿಸುತ್ತಿರುವ ಆ ಫ್ರೆಂಚ್ ಪದಗಳಿಂದಲೇ ಶುರುಮಾಡಬೇಕು. ಏಕೆಂದರೆ ಬ್ಯಾಲೆಯಲ್ಲಿ ಹೆಜ್ಜೆಯ ಹೆಸರೇ ಪಾಠ. ಹೆಸರಿನ ಅರ್ಥ ತಿಳಿದರೆ ಮೈ ಏನು ಮಾಡಬೇಕೆಂಬುದು ತಿಳಿಯುತ್ತದೆ. ಯಾವುದಾದ ಮೇಲೆ ಯಾವುದು ಎಂಬುದೂ ತಿಳಿಯುತ್ತದೆ.

ಯಾವ ಬ್ಯಾಲೆ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ ಭರತನಾಟ್ಯದ ನೃತ್ಯರೂಪಕವನ್ನೂ ಎಷ್ಟೋ ಸಲ ‘ಬ್ಯಾಲೆ’ ಎಂದೇ ಕರೆಯುವುದುಂಟು. ಇಲ್ಲಿ ಹೇಳುತ್ತಿರುವುದು ಯುರೋಪಿನ ಶಾಸ್ತ್ರೀಯ ನೃತ್ಯವಾದ ಬ್ಯಾಲೆಯ ವಿಷಯ. ಆ ನೃತ್ಯದ ಜಗತ್ತಿಗೂ ನಮಗೂ ನಂಟು ಇಲ್ಲದಿಲ್ಲ. ಬೆಂಗಳೂರಿನ ಕಥಕ್ ಕಲಾವಿದೆ ಮಾಯಾ ರಾವ್ 1960ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ನೃತ್ಯ ಸಂಯೋಜನೆಯನ್ನು ಕ್ರಮವಾಗಿ ಕಲಿತು ಬಂದವರು. ಮುಂದೆ ಅದನ್ನು ಬೆಂಗಳೂರಿನಲ್ಲಿ ತಲೆಮಾರಿನ ಮಕ್ಕಳಿಗೆ ಕಲಿಸಿದರು. ಅವರು 2014ರಲ್ಲಿ ತೀರಿಕೊಂಡರು.

ಬ್ಯಾಲೆ ಹುಟ್ಟಿದ್ದು ಇಟಲಿಯ ಅರಮನೆಗಳಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ನೃತ್ಯದ ಹುಚ್ಚು. 1653ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ರಾತ್ರಿಯಿಡೀ ನಡೆದ ಒಂದು ಬ್ಯಾಲೆಯಲ್ಲಿ ಆತ ಉದಯಸೂರ್ಯನ ವೇಷ ಹಾಕಿ ಕುಣಿದ. ‘ಸೂರ್ಯರಾಜ’ ಎಂಬ ಹೆಸರು ಅವನಿಗೆ ಅಂಟಿಕೊಂಡಿತು. ಆತನೇ 1661ರಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯದ ರಾಜ ಅಕಾಡೆಮಿಯನ್ನು ಸ್ಥಾಪಿಸಿದ. ದೊರೆಯ ನೃತ್ಯಗುರು ಪಿಯೇರ್ ಬೋಷಾಂ ಪಾದಗಳ ಐದು ಸ್ಥಾನಗಳನ್ನು ಗೊತ್ತುಮಾಡಿದ ಎಂದು ಹೇಳುತ್ತಾರೆ. ಹೆಜ್ಜೆಗಳಿಗೆ ಹೆಸರು ಕೂಡಿಬಂದದ್ದು ಆ ಕಾಲದಲ್ಲಿ. ಆ ಅರಮನೆಯ ಭಾಷೆ ಫ್ರೆಂಚ್ ಆದ್ದರಿಂದ ಹೆಸರುಗಳೂ ಫ್ರೆಂಚ್ ಆದವು.

ಅಲ್ಲಿಂದ ಫ್ರೆಂಚ್ ಗುರುಗಳು ಯುರೋಪಿನ ತುಂಬ ಹರಡಿದರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1738ರಲ್ಲಿ ನೃತ್ಯಶಾಲೆ ತೆರೆದವನು ಲಾಂದೇ ಎಂಬ ಫ್ರೆಂಚ್ ಗುರು. ‘ನಿದ್ರಾಸುಂದರಿ’ಯಂಥ ಪ್ರಸಿದ್ಧ ಬ್ಯಾಲೆಗಳನ್ನು ರಷ್ಯಾದಲ್ಲಿ ಸಂಯೋಜಿಸಿದ ಮಾರಿಯುಸ್ ಪೆಟಿಪಾ ಹುಟ್ಟಿದ್ದು ಫ್ರಾನ್ಸಿನ ಮಾರ್ಸೇಯ್‌ನಲ್ಲಿ. ಹೀಗಾಗಿ ಇಂದು ಮಾಸ್ಕೋದಲ್ಲಿರಲಿ, ಟೋಕಿಯೋದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಶಿಕ್ಷಕರು ‘ಪ್ಲಿಯೇ’ ಎಂದೊಡನೆ ಮಕ್ಕಳ ಮಂಡಿ ಬಾಗುತ್ತದೆ. ನಮ್ಮ ಸಂಗೀತದಲ್ಲೂ ಹೀಗೇ ಅಲ್ಲವೆ? ಪುರಂದರದಾಸರು ರೂಪಿಸಿದರೆಂದು ಹೇಳುವ ಸರಳೆ ವರಸೆ, ಜಂಟಿ ವರಸೆಗಳನ್ನು ಮೈಸೂರಿನ ಹುಡುಗಿಯೂ ಚೆನ್ನೈನ ಹುಡುಗಿಯೂ ಅದೇ ಹೆಸರಿನಲ್ಲಿ ಕಲಿಯುತ್ತಾರೆ.

ಉಚ್ಚಾರಣೆಗೆ ಹೆದರಬೇಕಾಗಿಲ್ಲ. ಫ್ರೆಂಚ್ ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಬಾಯಿಗೆ ಬರುವುದಿಲ್ಲ. ‘ಬ್ಯಾಲೆ’ ಎಂಬ ಪದದ ಕೊನೆಗೂ ಬರವಣಿಗೆಯಲ್ಲಿ ಒಂದು ‘ಟಿ’ ಇದೆ. ನಾವು ಅದನ್ನು ನುಂಗಿಯೇ ಹೇಳುತ್ತೇವೆ. ಅಂದರೆ ಫ್ರೆಂಚಿನ ಮೊದಲ ಪಾಠ ನಮಗೆ ಆಗಲೇ ಬಂದಿದೆ!

ಐದು ಸ್ಥಾನ, ಒಂದು ತಿರುವು

ಎಲ್ಲ ಹೆಜ್ಜೆಗಳೂ ಪಾದಗಳ ಐದು ಸ್ಥಾನಗಳಿಂದ ಹೊರಡುತ್ತವೆ. ಒಂದನೆಯದರಲ್ಲಿ ಹಿಮ್ಮಡಿಗಳು ಕೂಡಿರುತ್ತವೆ, ಬೆರಳುಗಳು ಹೊರಕ್ಕೆ. ಎರಡನೆಯದು ಹಾಗೆಯೇ, ಆದರೆ ಪಾದಗಳ ನಡುವೆ ಸುಮಾರು ಒಂದು ಪಾದದಷ್ಟು ಜಾಗ. ಮೂರನೆಯದರಲ್ಲಿ ಮುಂದಿನ ಪಾದದ ಹಿಮ್ಮಡಿ ಹಿಂದಿನ ಪಾದದ ನಡುಭಾಗಕ್ಕೆ ತಾಗಿರುತ್ತದೆ. ನಾಲ್ಕನೆಯದರಲ್ಲಿ ಒಂದು ಪಾದ ಮುಂದೆ, ಇನ್ನೊಂದು ಹಿಂದೆ, ನಡುವೆ ಅಂತರ. ಐದನೆಯದರಲ್ಲಿ ಆ ಅಂತರವೂ ಇಲ್ಲ. ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ಮುಟ್ಟಿ ಎರಡೂ ಪಾದ ಮುಚ್ಚಿಕೊಂಡಿರುತ್ತವೆ.

ಈ ಐದರಲ್ಲೂ ಕಾಲು ಹೊರಕ್ಕೆ ತಿರುಗಿರುತ್ತದೆ. ಈ ತಿರುವು ಬರಬೇಕಾದದ್ದು ಸೊಂಟದ ಕೀಲಿನಿಂದ. ಪಾದಗಳನ್ನಷ್ಟೇ ಬಲವಂತವಾಗಿ ಅಗಲಿಸಿ ನಿಂತರೆ ಆ ಹಿಂಡುವಿಕೆಯನ್ನು ಮಂಡಿಯೂ ಕಣಕಾಲೂ ಹೊರಬೇಕಾಗುತ್ತದೆ. ಮಂಡಿ ಬಾಗಿಲಿನ ತಿರುಗಣಿಯ ಹಾಗೆ, ಮುಖ್ಯವಾಗಿ ಹಿಂದೆ ಮುಂದೆ ಮಡಿಸಲು ಇರುವ ಕೀಲು, ತಿರುಚಲು ಅಲ್ಲ. ಪ್ರತಿ ಮಗುವಿನ ಸೊಂಟದ ಕೀಲೂ ಒಂದೇ ಅಳತೆಗೆ ತಿರುಗುವುದಿಲ್ಲ. ಪಕ್ಕದ ಹುಡುಗಿಯ ಪಾದ ಗೆರೆ ಎಳೆದಂತೆ ನಿಂತಿತೆಂದು ನಿಮ್ಮ ಮಗಳ ಪಾದವನ್ನೂ ಹಾಗೆ ತಿರುಗಿಸಲು ಹೋಗಬಾರದು. ಬಾಗಿದಾಗ ಮಂಡಿ ಕಾಲ್ಬೆರಳುಗಳ ನೇರಕ್ಕೇ ಬಂದರೆ ತಿರುವು ಸರಿ ಇದೆ. ಮಂಡಿ ಒಳಕ್ಕೆ ಬಿದ್ದರೆ ತಿರುವು ಹೆಚ್ಚಾಗಿದೆ ಎಂದರ್ಥ. ಇದನ್ನು ತಾಯಿತಂದೆಯರೂ ನೋಡಿ ಹೇಳಬಹುದು.

ಅಡುಗೆಮನೆಯ ಕ್ರಿಯಾಪದಗಳು

ಈಗ ಪದಗಳಿಗೆ ಬರೋಣ. ಹೆಸರು ಕೇಳಿದರೆ ಭಾರಿ ಅನ್ನಿಸುತ್ತದೆ. ಒಡೆದು ನೋಡಿದರೆ ಬಹುಪಾಲು ಮನೆಮಾತಿನ ಕ್ರಿಯಾಪದಗಳೇ.

‘ಪ್ಲಿಯೇ’ ಎಂದರೆ ಬಾಗಿದ, ಮಡಿಸಿದ. ಮಂಡಿ ಮಡಿಸುವುದು, ಅಷ್ಟೆ. ‘ದೆಮಿ’ ಎಂದರೆ ಅರ್ಧ, ‘ಗ್ರಾಂ’ ಎಂದರೆ ದೊಡ್ಡದು. ದೆಮಿ ಪ್ಲಿಯೇಯಲ್ಲಿ ಹಿಮ್ಮಡಿ ನೆಲ ಬಿಡುವುದಿಲ್ಲ. ಗ್ರಾಂ ಪ್ಲಿಯೇಯಲ್ಲಿ ಪೂರ್ತಿ ಕೆಳಗಿಳಿಯುವಾಗ ಹಿಮ್ಮಡಿ ಏಳುತ್ತದೆ. ಎರಡನೆಯ ಸ್ಥಾನದಲ್ಲಿ ಮಾತ್ರ ಆಗಲೂ ಏಳುವುದಿಲ್ಲ. ಭರತನಾಟ್ಯ ಕಲಿತವರಿಗೆ ಇದು ಅರಮಂಡಿಯಂತೆ ಕಾಣುತ್ತದೆ. ವ್ಯತ್ಯಾಸ ಇಷ್ಟು: ಅರಮಂಡಿ ನಿಲ್ಲುವ ನೆಲೆ, ನರ್ತಕಿ ಅಲ್ಲೇ ಕುಳಿತು ನೆಲ ತಟ್ಟುತ್ತಾಳೆ. ಪ್ಲಿಯೇ ಹಾದುಹೋಗುವ ದಾರಿ, ಇಳಿದದ್ದು ಮೇಲೇಳುವುದಕ್ಕೆ.

‘ತಾಂದ್ಯು’ ಎಂದರೆ ಚಾಚಿದ, ಬಿಗಿದ. ಪಾದ ನೆಲವನ್ನು ಒರೆಸುತ್ತ ಹೋಗಿ, ಬೆರಳ ತುದಿ ಮಾತ್ರ ನೆಲದ ಮೇಲೆ ಉಳಿಯುವವರೆಗೆ ಕಾಲನ್ನು ಚಾಚುವುದು. ತುದಿ ನೆಲ ಬಿಡಬಾರದು. ‘ರೋಂ ದ ಜಾಂಬ್’ ಎಂದರೆ ಕಾಲಿನ ವೃತ್ತ. ಕೈವಾರದಿಂದ ಗೆರೆ ಎಳೆದಂತೆ ಬೆರಳ ತುದಿ ನೆಲದ ಮೇಲೆ ಅರ್ಧವೃತ್ತ ಬರೆಯುತ್ತದೆ. ‘ಫ್ರಾಪೇ’ ಎಂದರೆ ಹೊಡೆದ. ಪಾದ ಚುರುಕಾಗಿ ಹೊರಕ್ಕೆ ಬಡಿಯುತ್ತದೆ. ‘ಫೋಂದ್ಯು’ ಎಂದರೆ ಕರಗಿದ. ಕರಗಿದ ಚೀಸಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಯುರೋಪಿನ ತಿನಿಸಿಗೂ ಇದೇ ಮೂಲದ ಹೆಸರು. ಇಲ್ಲಿ ಕರಗಬೇಕಾದದ್ದು ನಿಂತ ಕಾಲು. ಬಿಸಿಗೆ ತುಪ್ಪ ಇಳಿದಂತೆ ಮೆಲ್ಲಗೆ ಬಾಗಬೇಕು. ‘ದೆವಲಪೇ’ ಎಂದರೆ ಬಿಚ್ಚಿದ. ಮಡಿಸಿದ ಕಾಲು ಗಾಳಿಯಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ‘ರೆಲೆವೇ’ ಎಂದರೆ ಎತ್ತಿದ, ಮೇಲೆದ್ದ. ನಾವು ತುದಿಗಾಲಲ್ಲಿ ನಿಲ್ಲುವುದು ಎನ್ನುತ್ತೇವಲ್ಲ, ಅದೇ.

ಶಿಕ್ಷಕಿ ‘ಫೋಂದ್ಯು’ ಎಂದಾಗ ಅರ್ಥ ತಿಳಿಯದ ಮಗು ಕಾಲು ಬಾಗಿಸುತ್ತದೆ. ಅರ್ಥ ತಿಳಿದ ಮಗು ಕರಗುತ್ತದೆ. ಎರಡಕ್ಕೂ ಎಷ್ಟು ಅಂತರವಿದೆ ನೋಡಿ.

ದಿಕ್ಕಿನ ಪದಗಳೂ ಸುಲಭ. ‘ದೆವಾಂ’ ಮುಂದೆ, ‘ದೆರಿಯೇರ್’ ಹಿಂದೆ, ‘ಆ ಲಾ ಸೆಗೋಂದ್’ ಪಕ್ಕಕ್ಕೆ, ಅಂದರೆ ಎರಡನೆಯ ಸ್ಥಾನದ ಕಡೆಗೆ. ‘ಆಂ ಕ್ರುವಾ’ ಎಂದರೆ ಶಿಲುಬೆಯ ಆಕಾರದಲ್ಲಿ: ಮುಂದೆ, ಪಕ್ಕ, ಹಿಂದೆ, ಮತ್ತೆ ಪಕ್ಕ. ‘ಪಾರ್ ತೇರ್’ ನೆಲದ ಮೇಲೆ, ‘ಆಂ ಲೇರ್’ ಗಾಳಿಯಲ್ಲಿ.

ಇಷ್ಟು ಗೊತ್ತಾದರೆ ಉದ್ದದ ಹೆಸರುಗಳನ್ನು ಕನ್ನಡ ವ್ಯಾಕರಣದ ತರಗತಿಯಲ್ಲಿ ಸಮಾಸ ಬಿಡಿಸಿದಂತೆ ಬಿಡಿಸಬಹುದು. ‘ಗ್ರಾಂ ರೋಂ ದ ಜಾಂಬ್ ಆಂ ಲೇರ್’ ಎಂದರೆ? ದೊಡ್ಡ, ವೃತ್ತ, ಕಾಲಿನ, ಗಾಳಿಯಲ್ಲಿ. ಕಾಲನ್ನು ಎತ್ತಿ ಗಾಳಿಯಲ್ಲಿ ದೊಡ್ಡ ವೃತ್ತ ಬರೆಯುವುದು. ವಿದ್ಯಾರ್ಥಿಗಳೇ, ಬಾಯಿಪಾಠಕ್ಕಿಂತ ಇದು ಹಗುರ ಅಲ್ಲವೆ?

ನೆಗೆತ ಐದೇ ಬಗೆ

ನೆಗೆತಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಆದರೆ ಮನುಷ್ಯನಿಗಿರುವುದು ಎರಡು ಕಾಲು. ಕುಪ್ಪಳಿಸುವುದಕ್ಕೆ ದಾರಿಗಳು ಐದೇ. ಲೆಕ್ಕ ಹಾಕಿ ನೋಡಿ.

ಎರಡೂ ಕಾಲಿನಿಂದ ಹಾರಿ ಎರಡೂ ಕಾಲಿಗೆ ಇಳಿಯುವುದು ಒಂದು. ‘ಸೊತೇ’ ಈ ಜಾತಿಯದು. ಸೊತೇ ಎಂದರೆ ನೆಗೆದ. ಬಾಣಲೆಯಲ್ಲಿ ತರಕಾರಿಯನ್ನು ಎಗರಿಸಿ ಹುರಿಯುವುದಕ್ಕೂ ಹೋಟೆಲಿನವರು ಇದೇ ಪದ ಬಳಸುತ್ತಾರೆ. ‘ಏಷಾಪೇ’ಯೂ ಇದೇ ಜಾತಿ. ಅರ್ಥ, ತಪ್ಪಿಸಿಕೊಂಡ, ಐದನೆಯ ಸ್ಥಾನದಲ್ಲಿ ಮುಚ್ಚಿಕೊಂಡಿದ್ದ ಪಾದಗಳು ಒಂದರಿಂದೊಂದು ತಪ್ಪಿಸಿಕೊಂಡು ಅಗಲವಾಗುತ್ತವೆ.

ಎರಡು ಕಾಲಿನಿಂದ ಹಾರಿ ಒಂದಕ್ಕೆ ಇಳಿಯುವುದು ಎರಡನೆಯ ಬಗೆ, ಅದು ‘ಸಿಸೋನ್’. ಒಂದು ಕಾಲಿನಿಂದ ಹಾರಿ ಎರಡಕ್ಕೂ ಇಳಿಯುವುದು ಮೂರನೆಯದು. ಅದು ‘ಆಸಾಂಬ್ಲೇ’, ಅಂದರೆ ಕೂಡಿಸಿದ. ಕಾಲುಗಳು ಗಾಳಿಯಲ್ಲಿ ಕೂಡಿ ಒಟ್ಟಿಗೆ ನೆಲ ಮುಟ್ಟುತ್ತವೆ. ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುವುದು ನಾಲ್ಕನೆಯದು. ಅದು ‘ಝೆತೇ’, ಅಂದರೆ ಎಸೆದ. ಒಂದೇ ಕಾಲಿನಲ್ಲಿ ಹಾರಿ ಅದೇ ಕಾಲಿಗೆ ಇಳಿಯುವುದು ಐದನೆಯದು. ‘ತಾಂ ಲೆವೇ’ ಎನ್ನುತ್ತಾರೆ. ಕುಂಟೆಬಿಲ್ಲೆ ಆಡಿದ ಮಕ್ಕಳೆಲ್ಲ ಇದನ್ನು ಕಲಿತೇ ಇರುತ್ತಾರೆ.

ಹೆಸರುಗಳಲ್ಲಿ ಮುದ್ದಾದವೂ ಇವೆ. ‘ಪಾ’ ಎಂದರೆ ಹೆಜ್ಜೆ, ‘ಷಾ’ ಎಂದರೆ ಬೆಕ್ಕು. ‘ಪಾ ದ ಷಾ’ ಬೆಕ್ಕಿನ ಹೆಜ್ಜೆ. ಮಂಡಿಗಳನ್ನು ಒಂದಾದ ಮೇಲೊಂದು ಮೇಲೆಳೆದುಕೊಂಡು ಪಕ್ಕಕ್ಕೆ ಹಾರುವುದು. ‘ಹಂಸ ಸರೋವರ’ದಲ್ಲಿ ನಾಲ್ಕು ಮರಿಹಂಸಗಳು ಕೈಕೈ ಹೆಣೆದುಕೊಂಡು ಕುಣಿಯುವ ಭಾಗದಲ್ಲಿ ಇದನ್ನು ನೋಡಬಹುದು. ‘ಷಾಸೇ’ ಎಂದರೆ ಅಟ್ಟಿದ. ಒಂದು ಪಾದ ಇನ್ನೊಂದನ್ನು ಅದರ ಜಾಗದಿಂದ ಅಟ್ಟಿಸಿಕೊಂಡು ಹೋಗುತ್ತದೆ. ‘ಗ್ಲಿಸಾದ್’ ಎಂದರೆ ಜಾರು. ‘ಆಂತ್ರಷಾ’ ಇಟಲಿಯ ‘ಹೆಣೆದ’ ಎಂಬ ಪದದಿಂದ ಬಂದದ್ದು. ನೇರ ಮೇಲಕ್ಕೆ ಹಾರಿ, ಜಡೆ ಹೆಣೆದಂತೆ ಕಾಲುಗಳನ್ನು ಹಿಂದುಮುಂದು ಮಾಡಿ ಇಳಿಯುವುದು.

ಎಲ್ಲಕ್ಕೂ ಕಣ್ಸೆಳೆಯುವುದು ‘ಗ್ರಾಂ ಝೆತೇ’. ನರ್ತಕಿ ಗಾಳಿಯಲ್ಲಿ ಕಾಲುಗಳನ್ನು ನೇರ ಚಾಚಿ ಒಂದು ಕ್ಷಣ ತೇಲಿದಂತೆ ಕಾಣುತ್ತಾಳೆ. ತೇಲುವುದು ನಿಜವೆ? ಅಲ್ಲ. ಎಸೆದ ಚೆಂಡಿನ ಹಾಗೆ ಅವಳ ದೇಹದ ಗುರುತ್ವಕೇಂದ್ರವೂ ಬಿಲ್ಲಿನಂತೆ ಬಾಗಿದ ದಾರಿಯಲ್ಲೇ ಸಾಗುತ್ತದೆ. ಆದರೆ ನೆಗೆತದ ನಡುವೆ ಅವಳು ಕೈಕಾಲುಗಳನ್ನು ಮೇಲೆತ್ತಿದಾಗ ಗುರುತ್ವಕೇಂದ್ರವೂ ದೇಹದೊಳಗೆ ತುಸು ಮೇಲಕ್ಕೆ ಸರಿಯುತ್ತದೆ. ಆ ಹೊತ್ತಿನಲ್ಲಿ ತಲೆ ಮತ್ತು ಮುಂಡ ಏರಿಳಿಯದೆ ಬಹುಮಟ್ಟಿಗೆ ಒಂದೇ ಎತ್ತರದಲ್ಲಿ ಸಾಗುತ್ತವೆ. ನಮ್ಮ ಕಣ್ಣು ನೋಡುವುದು ತಲೆಯನ್ನು. ಆದ್ದರಿಂದ ತೇಲಿದಂತೆ ಕಾಣುತ್ತದೆ. ಭೌತವಿಜ್ಞಾನ ಓದುವ ಮಕ್ಕಳು ಇದನ್ನು ಕಾಗದದ ಮೇಲೆ ಬರೆದು ನೋಡಬಹುದು.

ಬುಗುರಿ ಮತ್ತು ಚಾಟಿ

ಇನ್ನು ಸುತ್ತುಗಳು. ‘ಪಿರುಎತ್’ ಎಂಬ ಪದಕ್ಕೆ ಹಳೆಯ ಫ್ರೆಂಚಿನಲ್ಲಿ ಬುಗುರಿ ಎಂಬ ಅರ್ಥವಿತ್ತು. ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಪಾದವನ್ನು ಮಂಡಿಯ ಬಳಿಗೆ ಎಳೆದುಕೊಂಡು ಬುಗುರಿಯಂತೆ ಸುತ್ತುವುದು. ಸುತ್ತು ಯಾವ ಕಡೆಗೆ? ಅದಕ್ಕೆ ಎರಡು ಪದಗಳಿವೆ. ‘ಆಂ ದಿಹೋರ್’ ಎಂದರೆ ಹೊರಕ್ಕೆ, ‘ಆಂ ದದಾಂ’ ಎಂದರೆ ಒಳಕ್ಕೆ. ಎಡಗಾಲಿನ ಮೇಲೆ ನಿಂತು ಬಲಗಡೆಗೆ, ಅಂದರೆ ಎತ್ತಿದ ಕಾಲಿನ ಕಡೆಗೆ ಸುತ್ತಿದರೆ ಅದು ಹೊರಸುತ್ತು. ಅದೇ ಎಡಗಾಲಿನ ಮೇಲೆ ನಿಂತು ಎಡಕ್ಕೇ ಸುತ್ತಿದರೆ ಒಳಸುತ್ತು. ಇದು ಮಕ್ಕಳಿಗೆ ಬಹಳ ಗೊಂದಲ ಮಾಡುತ್ತದೆ. ನಿಂತ ಕಾಲನ್ನು ಬಾಗಿಲ ಚೌಕಟ್ಟೆಂದೂ ಎತ್ತಿದ ಮಂಡಿಯನ್ನು ಬಾಗಿಲೆಂದೂ ತಿಳಿದುಕೊಳ್ಳಿ. ಬಾಗಿಲು ತೆರೆಯುವ ಕಡೆಗೆ ಸುತ್ತಿದರೆ ಹೊರಕ್ಕೆ, ಮುಚ್ಚುವ ಕಡೆಗೆ ಸುತ್ತಿದರೆ ಒಳಕ್ಕೆ.

ತಲೆ ಸುತ್ತುವುದಿಲ್ಲವೆ? ನಮ್ಮ ಒಳಕಿವಿಯಲ್ಲಿ ಮೂರು ಅರೆವೃತ್ತ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ನಾವು ಸುತ್ತಿ ನಿಂತ ಮೇಲೂ ಆ ದ್ರವ ಸ್ವಲ್ಪ ಹೊತ್ತು ಚಲಿಸುತ್ತಿರುತ್ತದೆ. ಅದಕ್ಕೇ ಮನೆಯೆಲ್ಲ ತಿರುಗಿದಂತೆ ಅನ್ನಿಸುವುದು. ನರ್ತಕರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಎದುರಿನ ಗೋಡೆಯ ಒಂದು ಗುರುತಿನ ಮೇಲೆ ಕಣ್ಣು ನೆಡುತ್ತಾರೆ. ಮೈ ತಿರುಗಿದರೂ ಮುಖ ಅಲ್ಲೇ ಉಳಿಯುತ್ತದೆ. ಇನ್ನು ಸಾಧ್ಯವಿಲ್ಲ ಎಂದಾಗ ತಲೆಯನ್ನು ಚಕ್ಕನೆ ತಿರುಗಿಸಿ ಮತ್ತೆ ಅದೇ ಗುರುತನ್ನು ಹಿಡಿಯುತ್ತಾರೆ. ಇದಲ್ಲದೆ ವರ್ಷಗಳ ಅಭ್ಯಾಸವೂ ಮಿದುಳನ್ನು ಬದಲಿಸುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 29 ಬ್ಯಾಲೆ ನರ್ತಕಿಯರನ್ನೂ ದೋಣಿ ಹುಟ್ಟುಹಾಕುವ 20 ಮಹಿಳಾ ಕ್ರೀಡಾಪಟುಗಳನ್ನೂ ಕತ್ತಲ ಕೋಣೆಯಲ್ಲಿ ಕುರ್ಚಿಯಲ್ಲಿ ಕೂರಿಸಿ ಸುತ್ತಿಸಿ ನೋಡಿದರು. 2013ರಲ್ಲಿ ಹೊರಬಂದ ಫಲಿತಾಂಶದಂತೆ, ಕುರ್ಚಿ ನಿಂತ ಮೇಲೆ ಸುತ್ತುತ್ತಿರುವ ಭಾವನೆ ನರ್ತಕಿಯರಲ್ಲಿ ಬೇಗ ಮಾಯವಾಗುತ್ತಿತ್ತು. ಒಳಕಿವಿಯ ಸಂಕೇತವನ್ನು ಸ್ವೀಕರಿಸುವ ಕಿರುಮಿದುಳಿನ ಒಂದು ಭಾಗದಲ್ಲೂ ವ್ಯತ್ಯಾಸ ಕಂಡಿತು. ಅಂದರೆ ತಲೆ ಸುತ್ತದಿರುವುದು ಹುಟ್ಟುಗುಣವೇ ಆಗಿರಬೇಕಿಲ್ಲ, ಅಭ್ಯಾಸದಿಂದಲೂ ಬರುತ್ತದೆ.

ಉಳಿದ ಸುತ್ತುಗಳ ಹೆಸರೂ ಚಿತ್ರ ಬರೆದಂತಿವೆ. ‘ಷೆನೇ’ ಎಂದರೆ ಸರಪಳಿ. ಒಂದಕ್ಕೊಂದು ಕೊಂಡಿ ಹಾಕಿದಂತೆ ಪುಟ್ಟ ಸುತ್ತುಗಳಲ್ಲಿ ವೇದಿಕೆ ದಾಟುವುದು. ‘ಪೀಕೇ’ ಎಂದರೆ ಚುಚ್ಚಿದ. ಪಾದದ ತುದಿಯನ್ನು ಸೂಜಿಯಂತೆ ನೆಲಕ್ಕೆ ಊರಿ ಅದರ ಮೇಲೆ ಏರಿ ಸುತ್ತುವುದು. ‘ತೂರ್ ಆಂ ಲೇರ್’ ಗಾಳಿಯಲ್ಲಿ ಸುತ್ತು. ಹೆಚ್ಚಾಗಿ ಗಂಡಸರು ಮಾಡುವುದು.

‘ಫುಎತೇ’ ಎಂದರೆ ಚಾಟಿಯಿಂದ ಬೀಸಿದ. ಎತ್ತಿದ ಕಾಲನ್ನು ಚಾಟಿಯಂತೆ ಬೀಸಿ ಮಂಡಿಗೆ ಸೆಳೆದುಕೊಂಡಾಗ ಆ ರಭಸ ಮೈಯನ್ನು ಸುತ್ತಿಸುತ್ತದೆ. ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ‘ಹಂಸ ಸರೋವರ’ದಲ್ಲಿ ಒಂದರ ಹಿಂದೊಂದು 32 ಫುಎತೇ ಮಾಡಿದಳು. ಇಂದಿಗೂ ಕಪ್ಪುಹಂಸದ ಪಾತ್ರಕ್ಕೆ ಅದೇ ಪರೀಕ್ಷೆ. ಈ ಮೂವತ್ತೆರಡು ಸುತ್ತುಗಳ ಗುಟ್ಟು ಎಲ್ಲಿದೆ ಬಲ್ಲಿರಾ? ಪ್ರತಿ ಸುತ್ತಿನ ಕೊನೆಗೂ ನರ್ತಕಿ ನಿಂತ ಕಾಲಿನ ಹಿಮ್ಮಡಿಯನ್ನು ಕೆಳಗಿಳಿಸಿ, ಮಂಡಿ ಬಾಗಿಸಿ, ನೆಲ ಒತ್ತಿ ಮತ್ತೆ ಮೇಲೇಳುತ್ತಾಳೆ. ಮುಂದಿನ ಸುತ್ತಿಗೆ ಬೇಕಾದ ಬಲ ಸಿಗುವುದು ಅಲ್ಲೇ. ಅಂದರೆ ಮೂವತ್ತೆರಡು ಫುಎತೇಯಲ್ಲಿ ಮೂವತ್ತೆರಡು ಪ್ಲಿಯೇ ಅಡಗಿವೆ. ಹತ್ತು ವರ್ಷದ ಹುಡುಗಿ ಕಿಟಕಿ ಹಿಡಿದು ಮಾಡುತ್ತಿರುವ ಪ್ಲಿಯೇಯೇ ಅದು.

ಹೆಸರು ಬೇರೆ, ಹೆಜ್ಜೆ ಒಂದೇ

ಇನ್ನೊಂದು ಎಚ್ಚರಿಕೆ. ಶಾಲೆ ಬದಲಿಸಿದರೆ ಹೆಸರು ಕೆಲವೊಮ್ಮೆ ಬದಲಾಗುತ್ತದೆ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ನೇರ ಚಾಚುವ ‘ಅರಬೆಸ್ಕ್’ ಎಲ್ಲರಿಗೂ ಪರಿಚಿತ. ರಷ್ಯಾದ ಅಗ್ರಿಪ್ಪಿನಾ ವಾಗನೋವಾ ಪದ್ಧತಿಯಲ್ಲಿ ಅರಬೆಸ್ಕ್ ನಾಲ್ಕು ಬಗೆ, ಇಟಲಿಯ ಚೆಕೆಟ್ಟಿ ಪದ್ಧತಿಯಲ್ಲಿ ಐದು, ಇಂಗ್ಲೆಂಡಿನ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್ ಪದ್ಧತಿಯಲ್ಲಿ ಮೂರು. ತಾಂದ್ಯುವಿಗಿಂತ ಸ್ವಲ್ಪ ಮುಂದೆ ಹೋಗಿ ಪಾದ ನೆಲ ಬಿಡುವ ಚಲನೆಗೆ ಒಬ್ಬರು ‘ದೆಗಾಝೇ’ ಎಂದರೆ ಇನ್ನೊಬ್ಬರು ‘ಗ್ಲಿಸೇ’ ಎನ್ನುತ್ತಾರೆ. ಹಳೆಯ ಶಿಕ್ಷಕಿ ತಪ್ಪು ಕಲಿಸಿದರೆಂದು ಆತುರಪಟ್ಟು ತೀರ್ಮಾನಿಸಬೇಡಿ. ಯಾವ ಪದ್ಧತಿ ಎಂದು ಕೇಳಿ ತಿಳಿದುಕೊಂಡರೆ ಸಾಕು.

ಆ ಶೂ ಯಾಕೆ ಬೇಡ?

ಈಗ ತಾಯಿಯ ಪ್ರಶ್ನೆಗೆ ಹಿಂತಿರುಗೋಣ. ಬೆರಳ ತುದಿಯ ಮೇಲೆ ನಿಂತು ಕುಣಿಯುವುದು ಬ್ಯಾಲೆಯ ಹುಟ್ಟಿನಿಂದ ಬಂದದ್ದಲ್ಲ. 1832ರಲ್ಲಿ ಪ್ಯಾರಿಸ್ಸಿನಲ್ಲಿ ‘ಲಾ ಸಿಲ್ಫೀದ್’ ಎಂಬ ಬ್ಯಾಲೆಯಲ್ಲಿ ಮಾರಿ ತಾಲ್ಯೋನಿ ಹಾಗೆ ಕುಣಿದು ಜನರನ್ನು ಬೆರಗುಗೊಳಿಸಿದ ಮೇಲೆ ಅದಕ್ಕೆ ಇಷ್ಟು ಮಹತ್ವ ಬಂತು. ಅವಳ ಶೂ ಮೆತ್ತಗಿನ ಸ್ಯಾಟಿನ್‌ನದು. ಹೊಲಿಗೆ ಹಾಕಿ ತುಸು ಗಟ್ಟಿ ಮಾಡಿದ್ದು, ಅಷ್ಟೆ. ಭಾರ ಹೊತ್ತದ್ದು ಅವಳ ಪಾದ. ಇಂದಿನ ಶೂವಿನ ಮೂತಿಯನ್ನು ಸಾಮಾನ್ಯವಾಗಿ ಬಟ್ಟೆ, ಕಾಗದಗಳ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ. ಅದರಲ್ಲಿ ಮರದ ತುಂಡು ಇರುತ್ತದೆಂದು ಹಲವರು ತಿಳಿದಿದ್ದಾರೆ; ಅದು ತಪ್ಪು. ಶೂ ಪಾದಕ್ಕೆ ಆಸರೆ ಕೊಡುತ್ತದೆ. ಕಾಲನ್ನು ಎತ್ತಿ ನಿಲ್ಲಿಸುವುದಿಲ್ಲ. ಎತ್ತಬೇಕಾದದ್ದು ಪಾದ, ಮೀನಖಂಡ, ತೊಡೆ, ಹೊಟ್ಟೆ, ಬೆನ್ನುಗಳ ಬಲ.

ಹತ್ತು ವರ್ಷದ ಮಗುವಿನ ಪಾದದ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ಮೂಳೆ ಉದ್ದವಾಗುವ ಜಾಗದಲ್ಲಿ ಗಟ್ಟಿಯಾಗದ ಮೃದ್ವಸ್ಥಿ ಇರುತ್ತದೆ. ಬಲವಿಲ್ಲದ ಕಾಲಿಗೆ ಗಟ್ಟಿ ಶೂ ಹಾಕಿ ಇಡೀ ಮೈಯ ಭಾರವನ್ನು ಬೆರಳ ತುದಿಗೆ ಹೊರಿಸಿದರೆ ಪಾದ ಸೋಲುತ್ತದೆ, ಕಣಕಾಲು ವಾಲುತ್ತದೆ, ಉಳುಕುತ್ತದೆ. ಅದಕ್ಕೇ ನೃತ್ಯ ವೈದ್ಯರು ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೆ ಮೊದಲು ಬೇಡ ಎನ್ನುತ್ತಾರೆ. ಹನ್ನೆರಡು ತುಂಬಿದ ಮಾತ್ರಕ್ಕೆ ಸಾಲದು. ಕೆಲವು ವರ್ಷಗಳ ಸರಿಯಾದ ತರಬೇತಿಯೂ ಬೇಕು. ಶಿಕ್ಷಕಿ ನೋಡುವುದು ಕ್ಯಾಲೆಂಡರನ್ನಲ್ಲ. ಒಂದೇ ಕಾಲಿನಲ್ಲಿ ಮತ್ತೆ ಮತ್ತೆ ರೆಲೆವೇ ಮಾಡಿದರೂ ಕಣಕಾಲು ಅಲುಗುವುದಿಲ್ಲವೆ? ಪ್ಲಿಯೇಯಲ್ಲಿ ಮಂಡಿ ಬೆರಳ ನೇರಕ್ಕೆ ಬರುತ್ತದೆಯೆ? ಬೆನ್ನು ನೆಟ್ಟಗಿರುತ್ತದೆಯೆ? ಕಣಕಾಲು ಪೂರ್ತಿ ಚಾಚುತ್ತದೆಯೆ? ಇವನ್ನು ನೋಡುತ್ತಾರೆ. ‘ಇನ್ನೂ ಸಮಯವಿದೆ’ ಎಂದ ಆ ಶಿಕ್ಷಕಿ ಕಲಿಸಲು ಹಿಂಜರಿಯುತ್ತಿಲ್ಲ, ಮಗುವಿನ ಪಾದವನ್ನು ಕಾಯುತ್ತಿದ್ದಾರೆ. ಬದಲಾಗಿ, ಎಂಟು-ಒಂಬತ್ತು ವರ್ಷದ ಮಕ್ಕಳಿಗೆಲ್ಲ ಸಾಲಾಗಿ ಗಟ್ಟಿ ಶೂ ತೊಡಿಸುವ ತರಗತಿ ಕಂಡರೆ ಆಗ ಚಿಂತಿಸಬೇಕು.

ತರಗತಿಯ ಕ್ರಮವನ್ನೇ ನೋಡಿ. ಮೊದಲು ಗೋಡೆಯ ಪಕ್ಕದ ಕಂಬಿ ಹಿಡಿದು ಪ್ಲಿಯೇ. ಆಮೇಲೆ ತಾಂದ್ಯು, ರೋಂ ದ ಜಾಂಬ್, ಫೋಂದ್ಯು, ಫ್ರಾಪೇ. ಬಳಿಕ ಕಂಬಿ ಬಿಟ್ಟು ನಡುಮನೆಗೆ. ಅಲ್ಲಿ ನಿಧಾನದ ಚಲನೆ, ಸುತ್ತು, ಪುಟ್ಟ ನೆಗೆತ, ಕೊನೆಗೆ ದೊಡ್ಡ ನೆಗೆತ. ಎಲ್ಲ ಮುಗಿದ ಮೇಲೆ ‘ರೆವೆರಾಂಸ್’, ಅಂದರೆ ಗೌರವ. ಗುರುವಿಗೂ ಪಿಯಾನೋ ನುಡಿಸಿದವರಿಗೂ ತಲೆಬಾಗಿ ವಂದನೆ. ಯಾವುದೂ ಮುಂಚೆ ಬರುವುದಿಲ್ಲ, ಯಾವುದನ್ನೂ ಹಾರಿಸುವಂತಿಲ್ಲ. ಬಾಗದವರು ನೆಗೆಯಲಾರರು, ತುದಿಗಾಲಲ್ಲಿ ನಿಲ್ಲದವರು ಬೆರಳ ತುದಿಯಲ್ಲಿ ನಿಲ್ಲಲಾರರು.

ಮನೆಯಲ್ಲಿ ಅಭ್ಯಾಸ ಮಾಡುವ ಮಕ್ಕಳಿಗೆ ಎರಡು ಮಾತು. ಭಾರವಾದ ಕುರ್ಚಿಯ ಬೆನ್ನು ಹಿಡಿದು ಪ್ಲಿಯೇ, ತಾಂದ್ಯು, ರೆಲೆವೇ ಧಾರಾಳವಾಗಿ ಮಾಡಿ. ನುಣುಪಾದ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಸುತ್ತಲು ಮಾತ್ರ ಹೋಗಬೇಡಿ.

ತಾಯಿಗೆ ಇಷ್ಟು ಹೇಳಬಯಸುತ್ತೇನೆ. ಹುಟ್ಟುಹಬ್ಬಕ್ಕೆ ಬೇರೇನಾದರೂ ಕೊಡಿ. ಆ ಸಂಜೆ ಮಗಳ ಜೊತೆ ಕುಳಿತು ಅವಳು ಕಲಿತ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಪ್ರತಿಯೊಂದರ ಮುಂದೆ ಅರ್ಥವನ್ನು ಕನ್ನಡದಲ್ಲಿ ಬರೆಯಲು ಹೇಳಿ. ಬಾಗು, ಚಾಚು, ಕರಗು, ಏಳು, ಎಸೆ, ಕೂಡಿಸು. ಆಮೇಲೆ ಶಿಕ್ಷಕಿಯನ್ನು ಕಂಡು, ‘ಯಾವಾಗ ಕಲಿಸುತ್ತೀರಿ’ ಎನ್ನುವ ಬದಲು ‘ಅವಳ ಕಾಲಿಗೆ ಇನ್ನೇನು ಬಲ ಬರಬೇಕು’ ಎಂದು ಕೇಳಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಾಯುವುದು ಏತಕ್ಕೆಂದು ತಿಳಿದರೆ ಮಕ್ಕಳು ಕಾಯುತ್ತಾರೆ.